ಸಹಾಯಕ್ಕೆ ಇಳಿಯುವ ಮುನ್ನ

ಮಕ್ಕಳೇ, ಹಡಗಿನ ಲಂಗರಿಗೆ ಕಟ್ಟಿದ ಉಕ್ಕಿನ ಸರಪಳಿಯನ್ನು ಎಲ್ಲಿ ಇಡುತ್ತಾರೆ ಗೊತ್ತೇ? ಹಡಗಿನ ಮುಂಭಾಗದಲ್ಲಿರುವ ಒಂದು ಕೋಣೆಯಲ್ಲಿ. ಅದಕ್ಕೆ ಕಿಟಕಿಯಿಲ್ಲ. ಒಳಗಿಳಿಯಲು ಕಿರಿದಾದ ಬಾಯಿ ಮಾತ್ರ ಇರುತ್ತದೆ.

2007ರ ಸೆಪ್ಟೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿದ್ದ ‘ವೈಕಿಂಗ್ ಐಲೇ’ ಎಂಬ ಹಡಗಿನಲ್ಲಿ ಸರಪಳಿ ಸದ್ದು ಮಾಡುತ್ತಿತ್ತು. ಅದನ್ನು ಬಿಗಿದು ಕಟ್ಟಲು ಒಬ್ಬ ಕೆಲಸಗಾರ ಒಳಗಿಳಿದು ಕುಸಿದುಬಿದ್ದ. ಅವನ ನೆರವಿಗೆ ಇಳಿದ ಎರಡನೆಯವನೂ ಕುಸಿದ. ಇಬ್ಬರನ್ನೂ ಉಳಿಸಲು ಹೋದ ಮೂರನೆಯವನೂ ಬದುಕಲಿಲ್ಲ. ಅಪಾಯದಲ್ಲಿದ್ದವರನ್ನು ರಕ್ಷಿಸಲೆಂದೇ ಇದ್ದ ಹಡಗು ಅದು! ಅಲ್ಲಿ ಬೆಂಕಿಯಿರಲಿಲ್ಲ, ಹೊಗೆಯಿರಲಿಲ್ಲ. ಹಾಗಾದರೆ ಕಾರಣವೇನು?

ಆಮ್ಲಜನಕ ಎಲ್ಲಿ ಹೋಯಿತು?

ಗಾಳಿಯಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕವಿದೆ. ತೇವವಿರುವಲ್ಲಿ ಕಬ್ಬಿಣ ಈ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ಮುಚ್ಚಿದ ಕೋಣೆಗೆ ಹೊಸ ಗಾಳಿ ಬಾರದಿದ್ದರೆ ಒಳಗಿನ ಆಮ್ಲಜನಕ ದಿನದಿನಕ್ಕೂ ಕಡಿಮೆಯಾಗುತ್ತದೆ. ಉಸಿರುಗಟ್ಟಿದ ಅನುಭವ ನಮಗೆ ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಆಗುತ್ತದೆ. ಆಮ್ಲಜನಕ ಮಾತ್ರ ಕಡಿಮೆಯಾದರೆ ಎಚ್ಚರಿಕೆಯೇ ಸಿಗದೆ ಪ್ರಜ್ಞೆ ತಪ್ಪಬಹುದು.

ನೀವೇ ಮಾಡಿ ನೋಡಿ

ಗಾಜಿನ ಲೋಟದ ಒಳಭಾಗವನ್ನು ಒದ್ದೆ ಮಾಡಿ, ಕಬ್ಬಿಣದ ಪುಡಿ ಉದುರಿಸಿ ಅಂಟಿಸಿ. ನೀರಿರುವ ತಟ್ಟೆಯಲ್ಲಿ ಲೋಟವನ್ನು ಬೋರಲು ಹಾಕಿ. ಕೆಲವು ದಿನಗಳ ನಂತರ ನೋಡಿ. ಪುಡಿ ತುಕ್ಕು ಹಿಡಿದಿರುತ್ತದೆ, ಲೋಟದೊಳಗೆ ನೀರು ಮೇಲೇರಿರುತ್ತದೆ. ಏಕೆ? ಯೋಚಿಸಿ.

ರಕ್ಷಿಸುವುದು ಹೇಗೆ?

• ಕುಸಿದವರನ್ನು ಕಂಡ ಕೂಡಲೇ ಒಳಗಿಳಿಯಬಾರದು. ಮೊದಲು ಕೂಗಿ ಎಲ್ಲರನ್ನೂ ಎಚ್ಚರಿಸಬೇಕು.
• ಫ್ಯಾನಿನಿಂದ ಒಳಗೆ ಶುದ್ಧ ಗಾಳಿ ಹಾಯಿಸಬೇಕು.
• ಅನಿಲಮಾಪಕದಿಂದ ಮೇಲೆ, ನಡುವೆ, ತಳದಲ್ಲಿ ಗಾಳಿಯನ್ನು ಪರೀಕ್ಷಿಸಬೇಕು.
• ತರಬೇತಿ ಪಡೆದವರು ಮಾತ್ರ, ಗಾಳಿಯ ಸಿಲಿಂಡರ್ ಮತ್ತು ಮುಖವಾಡ ಧರಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಹೊರಗೆ ಒಬ್ಬರು ಕಾವಲಿರಬೇಕು.

ಬಟ್ಟೆಯ ಮುಖಗವಸು ಇಲ್ಲಿ ಪ್ರಯೋಜನಕ್ಕೆ ಬಾರದು. ಅದು ಧೂಳನ್ನು ತಡೆದೀತು, ಇಲ್ಲದ ಆಮ್ಲಜನಕವನ್ನು ಕೊಡಲಾರದು.

2015ರ ಜನವರಿಯಿಂದ ಅಂತರರಾಷ್ಟ್ರೀಯ ನಿಯಮದಂತೆ ಹಡಗುಗಳಲ್ಲಿ ಎರಡು ತಿಂಗಳಿಗೊಮ್ಮೆ ಇಂಥ ರಕ್ಷಣೆಯ ಅಭ್ಯಾಸ ನಡೆಯಬೇಕು. 2016ರ ಜುಲೈಯಿಂದ ಅನಿಲಮಾಪಕವೂ ಕಡ್ಡಾಯ.

ನಮ್ಮೂರಿನ ಪಾಳುಬಾವಿ, ಹಗೇವು, ಮಲಗುಂಡಿಗಳಲ್ಲೂ ಇದೇ ಅಪಾಯವಿದೆ. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ. ದೊಡ್ಡವರನ್ನು ಕೂಗಿ, ಅಗ್ನಿಶಾಮಕ ದಳಕ್ಕೆ ತಿಳಿಸಿ. ಹೊರಗೆ ನಿಂತು ಸಹಾಯ ಕರೆಯುವುದು ಹೇಡಿತನವಲ್ಲ. ಒಳಗಿರುವವರ ಜೀವ ಉಳಿಯುವ ದಾರಿ ಅದೇ.