ಮಳೆ ಮುಗಿಯುವಾಗ ಕುರಿಯ ಮುಖ ಊದಿದರೆ

ಮಸಿನಗುಡಿಯ ಓದುಗರೇ, ಕುರಿಗಳಿಗೆ ಜ್ವರ, ಊದಿದ ತುಟಿ, ಜೊಲ್ಲು, ಕುಂಟು ನಡಿಗೆ, ಅದರ ಮೇಲೆ ಮಳೆಗಾಲ ಎಂದು ಬರೆದಿದ್ದೀರಿ. ನನಗೆ ಮೊದಲ ಗುಮಾನಿ ನೀಲಿ ನಾಲಿಗೆ ರೋಗದ ಮೇಲೆ. ಕುರಿ-ಮೇಕೆಗಳ ಪಿಪಿಆರ್ ಬೇನೆ, ಕಾಲುಬಾಯಿ ಜ್ವರಗಳಲ್ಲೂ ಬಾಯಿ ಹುಣ್ಣಾಗುತ್ತದೆ. ಆದ್ದರಿಂದ ಇಂದೇ ಪಶುವೈದ್ಯರನ್ನು ಕರೆಸಿ, ರಕ್ತ ಪರೀಕ್ಷೆಗೆ ಕಳಿಸಿ.

ನೀಲಿ ನಾಲಿಗೆಯ ವೈರಸ್ ಹರಡುವುದು ಮುಖ್ಯವಾಗಿ ಕ್ಯೂಲಿಕಾಯ್ಡಿಸ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿಯ ಕಡಿತದಿಂದ. ಅವು ಹುಟ್ಟುವುದು ಕೆಸರು, ಒದ್ದೆ ಸಗಣಿಯಲ್ಲಿ. ದನಗಳು ಹೆಚ್ಚಾಗಿ ಯಾವ ಲಕ್ಷಣವೂ ಇಲ್ಲದೆ ವೈರಸ್ಸನ್ನು ಹೊತ್ತು ನಿಲ್ಲುತ್ತವೆ. ಕುರಿ, ದನ ಒಂದೇ ಕೊಟ್ಟಿಗೆಯಲ್ಲಿ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ಸಂಜೆಯೊಳಗೆ ಕುರಿಗಳು ರೊಪ್ಪ ಸೇರಲಿ. ಬೇವಿನ ಹೊಗೆ ಹಾಕಿ, ನೀರು ನಿಲ್ಲಲು ಬಿಡಬೇಡಿ.

ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ನೆರಳು, ನೀರು, ತೆಳು ರಾಗಿ ಗಂಜಿ, ಎಳೆ ಹುಲ್ಲು: ಬಹಳಷ್ಟು ಕುರಿಗಳನ್ನು ಉಳಿಸುವುದು ಈ ಆರೈಕೆಯೇ. ಅಂಗಡಿಯಿಂದ ತಂದ ಇಂಜೆಕ್ಷನ್ನನ್ನು ನೀವೇ ಚುಚ್ಚಬೇಡಿ. ಮನುಷ್ಯರಿಗೆ ಈ ರೋಗ ಅಂಟುವುದಿಲ್ಲ, ಮಕ್ಕಳ ಬಗ್ಗೆ ಭಯ ಬೇಡ.

ಉಣ್ಣೆ ಕೊಡುವ ಅಲ್ಪಾಕಾ ಪ್ರಾಣಿ ತರಿಸಿ ಸಾಕಬಹುದೇ ಎಂದೂ ಕೇಳಿದ್ದೀರಿ. ಅವೂ ಈ ರೋಗದಿಂದ ಸತ್ತದ್ದುಂಟು. ನಮ್ಮ ಗುಡ್ಡದ ಚಳಿ, ಮಳೆಗೆ ಒಗ್ಗಿದ ನೀಲಗಿರಿ ತಳಿಯ ಕುರಿ ಇರುವಾಗ ಆ ಸಾಹಸ ಬೇಡ. ಊಟಿ ಬಳಿಯ ಸ್ಯಾಂಡಿನಲ್ಲಾ ಕುರಿ ಸಂಶೋಧನಾ ಕೇಂದ್ರದಲ್ಲಿ ಆ ತಳಿಯ ಬಗ್ಗೆ ವಿಚಾರಿಸಿ.

ನಮ್ಮಲ್ಲಿ ನೀಲಿ ನಾಲಿಗೆ ವೈರಸ್ಸಿನ ಐದು ಬಗೆಗಳ ವಿರುದ್ಧದ ಲಸಿಕೆ ಇದೆ. ಮುಂದಿನ ವರ್ಷ ಮಳೆಗೆ ಮೊದಲೇ ಹಾಕಿಸಿ, ನೆರೆಯವರ ಮಂದೆಗೂ ಹಾಕಿಸಲು ಹೇಳಿ.