ಇಳಕಲ್ ಕಲ್ಲು, ಬಳ್ಳಾರಿ ಅದಿರು: ಗಣಿ ನೀತಿ ಬದಲಾದ ಬಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿಗೆ ಸೀರೆಯಿಂದ ಎಷ್ಟು ಹೆಸರೋ, ಕೆಂಪು ಗ್ರಾನೈಟಿನಿಂದಲೂ ಅಷ್ಟೇ. ಪರೀಕ್ಷೆಯ ಅಭ್ಯರ್ಥಿಗಳು ಎಡವುವುದೂ ಇಲ್ಲೇ. ಗ್ರಾನೈಟ್ ಪ್ರಧಾನ ಖನಿಜವಲ್ಲ, ಉಪಖನಿಜ; 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಕಲಂನಂತೆ ಅದರ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ಕರ್ನಾಟಕದ ಉಪಖನಿಜ ರಿಯಾಯಿತಿ ನಿಯಮಗಳು 1994ರವು.

ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳು ಪರಿಸರ ಅನುಮತಿಯಿಂದ ನುಣುಚಿಕೊಳ್ಳುತ್ತಿದ್ದವು. ಒಂದೇ ಗುಡ್ಡವನ್ನು ಸಣ್ಣ ಸಣ್ಣ ಗುತ್ತಿಗೆಗಳಾಗಿ ತುಂಡರಿಸಿದರೆ ಆಯಿತು! 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಿಂಡಿ ಮುಚ್ಚಿತು.

ನಿಜವಾದ ತಿರುವು ಬಳ್ಳಾರಿಯ ಕಬ್ಬಿಣದ ಅದಿರಿನದು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟದ್ದು 2011ರ ಜುಲೈನಲ್ಲಿ; ಅದೇ ತಿಂಗಳು ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಉಲ್ಲಂಘನೆಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಎತ್ತಿಹಿಡಿಯಿತು. ಸಿ ವರ್ಗದ ಗುತ್ತಿಗೆ ರದ್ದು. ಉಳಿದವರಿಗೆ ಉತ್ಪಾದನೆಯ ಮಿತಿ, ಜೊತೆಗೆ ಭೂಮಿ ಪುನಶ್ಚೇತನದ ಯೋಜನೆ ಕಡ್ಡಾಯ. ಹಾಳು ಮಾಡಿದವನೇ ಸರಿಪಡಿಸಬೇಕೆಂಬ ತತ್ವಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದು ಕಷ್ಟ.

1957ರ ಕಾಯ್ದೆಗೆ ಬಂದ 2015ರ ತಿದ್ದುಪಡಿ ಗುತ್ತಿಗೆಗಳ ಹರಾಜನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನವನ್ನೂ (ಕಲಂ 9ಬಿ) ತಂದಿತು. ಪ್ರಧಾನ ಖನಿಜಗಳಲ್ಲಿ ಹಳೆಯ ಗುತ್ತಿಗೆದಾರರು ರಾಜಧನದ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಪ್ರತಿಷ್ಠಾನಕ್ಕೆ ಕಟ್ಟಬೇಕು. ಈ ಹಣದಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಆದ್ಯತೆ.

ಅನುಸೂಚಿತ ಪ್ರದೇಶಗಳಲ್ಲಿ ಈ ವೆಚ್ಚಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕು. ಆದರೆ ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ.