ಉಳ್ಳಾಗಡ್ಡಿ ಪ್ರಶ್ನಾರ್ಥಕ ಚಿಹ್ನೆಯಾದಾಗ: ಗಣಕ ಕಲಿಯುವ ಮಕ್ಕಳಿಗೊಂದು ಕನ್ನಡ ಪಾಠ



ಭಾಷೆ ಕಲಿಸುವವರು ಗಣಕದ ವಿಷಯ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ಕನ್ನಡ ಬರೆಯುವಾಗ ಆಗುವ ತಪ್ಪಿಗೂ ಪ್ರೋಗ್ರಾಂ ಬರೆಯುವಾಗ ಆಗುವ ತಪ್ಪಿಗೂ ಹತ್ತಿರದ ನಂಟಿದೆ. ಒತ್ತಕ್ಷರ ಬಿಟ್ಟರೆ 'ಅಕ್ಕ' 'ಅಕ'ವಾಗುತ್ತಾಳೆ. ಅರ್ಧವಿರಾಮ ಬಿಟ್ಟರೆ ಇಡೀ ವೆಬ್ ಪುಟವೇ ನಿಂತುಹೋಗುತ್ತದೆ. ವ್ಯತ್ಯಾಸ ಒಂದೇ. ಉತ್ತರಪತ್ರಿಕೆ ತಿದ್ದುವ ನಾವು ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿಕೊಂಡು ಅರ್ಧ ಅಂಕವನ್ನಾದರೂ ಕೊಡುತ್ತೇವೆ. ಗಣಕಕ್ಕೆ ಊಹಿಸುವ ಅಭ್ಯಾಸವಿಲ್ಲ, ಬರೆದದ್ದನ್ನು ಬರೆದ ಹಾಗೆಯೇ ಓದುತ್ತದೆ.

ನಮ್ಮ ತರಗತಿಯಲ್ಲೇ ನಡೆದ ಒಂದು ಪ್ರಸಂಗದಿಂದ ಈ ಪಾಠವನ್ನು ಆರಂಭಿಸೋಣ.

ನಮ್ಮ ಪದಕೋಶದ ಕಥೆ

ಕೆಲವು ವರ್ಷಗಳ ಹಿಂದೆ ಕನ್ನಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ಶುಕ್ರವಾರ ಊರಿಗೆ ಫೋನು ಮಾಡಿದಾಗ ಅಜ್ಜ ಅಜ್ಜಿಯರಿಂದ ಮನೆಮಾತಿನ ಪದಗಳನ್ನು ಕೇಳಿ ಬರೆದುಕೊಂಡು ಬರಬೇಕು. ಅಬ್ಬಾಸಿಯಾ, ಸಾಲ್ಮಿಯಾ, ಫಾಹೀಲ್ ಎಲ್ಲ ಕಡೆಯ ಮಕ್ಕಳೂ ಉತ್ಸಾಹದಿಂದ ಪದ ತಂದರು. ಮೈಸೂರಿನ ಕಡೆಯ ಈರುಳ್ಳಿ ಮಂಗಳೂರಿನ ಕಡೆ ನೀರುಳ್ಳಿ, ಧಾರವಾಡದ ಕಡೆ ಉಳ್ಳಾಗಡ್ಡಿ ಎಂದು ತಿಳಿದು ಮಕ್ಕಳಿಗೆ ಬಹಳ ಸಂತೋಷವಾಯಿತು. ಒಟ್ಟು 140 ಪದಗಳಾದವು.

ಇವನ್ನು ಕಾಗದದ ಮೇಲಿಡುವ ಬದಲು ವೆಬ್ ಪುಟವಾಗಿಸೋಣ ಎಂದು ಹಿರಿಯ ತರಗತಿಯ ಮಕ್ಕಳು ಹೇಳಿದರು. ಪಿಎಚ್‌ಪಿಯಲ್ಲಿ ಪುಟ ಬರೆದರು, ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಕೋಷ್ಟಕ ಮಾಡಿದರು. ಎರಡು ವಾರ ಕುಳಿತು ಎಲ್ಲ ಪದಗಳನ್ನೂ ಬೆರಳಚ್ಚು ಮಾಡಿದರು. ಕಾಗದಗಳನ್ನು 'ಇನ್ನೇಕೆ' ಎಂದು ಎಸೆದವರೂ ಉಂಟು. ನಾವೂ ಬೇಡವೆನ್ನಲಿಲ್ಲ.

ಪ್ರದರ್ಶನದ ಹಿಂದಿನ ದಿನ ಪುಟ ತೆರೆದು ನೋಡಿದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಸಾಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು! ಉಳ್ಳಾಗಡ್ಡಿ ಇರಬೇಕಾದಲ್ಲಿ ಹತ್ತು ಚಿಹ್ನೆ. "ಮೇಡಂ, ಉಳ್ಳಾಗಡ್ಡಿಗೆ ನಾಲ್ಕೇ ಅಕ್ಷರ, ಚಿಹ್ನೆ ಮಾತ್ರ ಹತ್ತು ಏಕೆ?" ಎಂದು ಒಬ್ಬ ಹುಡುಗ ಕೇಳಿದ. ಅವನ ಪ್ರಶ್ನೆಯಲ್ಲೇ ಇಡೀ ಪಾಠ ಅಡಗಿತ್ತು.

ಅಕ್ಷರ ಗಣಕದೊಳಗೆ ಹೋಗುವ ಬಗೆ

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದ ಮೊದಲು ಆಗಬೇಕು. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್-1 ಎಂಬ ಹಳೆಯ ಒಪ್ಪಂದದಲ್ಲಿ ಒಟ್ಟು ಸ್ಥಾನಗಳೇ 256. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 1991ರಲ್ಲಿ ಹೊರಬಂದ ಯೂನಿಕೋಡ್ ಪ್ರಪಂಚದ ಲಿಪಿಗಳಿಗೆಲ್ಲ ಒಂದೇ ಮನೆ ಕಟ್ಟಲು ಹೊರಟಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕೋಣೆಯಿದೆ. ಆ ಸಂಖ್ಯೆಗಳನ್ನು ಗಣಕದಲ್ಲಿ ಬರೆದಿಡುವ ಒಂದು ಕ್ರಮವೇ ಯುಟಿಎಫ್-8. ಇದನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಈ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕು.

ನಮ್ಮ ಗಣಕದಲ್ಲಿದ್ದುದು ಹಳೆಯ ಮೈಎಸ್‌ಕ್ಯೂಎಲ್. ನಾವಾಗಿ ಏನೂ ಹೇಳದಿದ್ದರೆ ಅದು ಲ್ಯಾಟಿನ್-1 ಎಂದೇ ಕೋಷ್ಟಕ ಮಾಡುತ್ತಿತ್ತು. ಮಕ್ಕಳು ಕನ್ನಡ ಕಳುಹಿಸಿದರು. ಕೋಷ್ಟಕಕ್ಕೆ ಆ ಅಕ್ಷರ ಗೊತ್ತಿಲ್ಲ. ಪ್ರತಿ ಚಿಹ್ನೆಯ ಬದಲಿಗೆ ಒಂದೊಂದು ಪ್ರಶ್ನಾರ್ಥಕವನ್ನು ಬರೆದಿಟ್ಟುಕೊಂಡು ಸುಮ್ಮನಾಯಿತು. 2018ರಲ್ಲಿ ಬಂದ 8.0 ಆವೃತ್ತಿಯಿಂದ ಯುಟಿಎಫ್-8 ಎಂಬಿ4 ಎಂಬುದೇ ಅದರ ಸಹಜ ಕ್ರಮವಾಗಿದೆ. ಆದರೂ ಹಳೆಯ ಕೋಷ್ಟಕ, ಹಳೆಯ ಪುಸ್ತಕ ನೋಡಿ ಕಲಿಯುವವರಿಗೆ ಈ ತೊಂದರೆ ಇಂದಿಗೂ ತಪ್ಪಿದ್ದಲ್ಲ.

ಲಕ್ಷಣ ನೋಡಿ ರೋಗ ತಿಳಿಯಿರಿ

ವೈದ್ಯರು ನಾಲಗೆ ನೋಡಿ ಕಾಯಿಲೆ ಹೇಳುವಂತೆ, ಪರದೆಯ ಮೇಲೆ ಕಾಣುವುದನ್ನು ನೋಡಿ ತಪ್ಪು ಎಲ್ಲಿದೆ ಎಂದು ಹೇಳಬಹುದು.

1. ಚೌಕಗಳು ಕಂಡರೆ: ಅಕ್ಷರ ಸರಿಯಾಗಿದೆ, ಆ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲ. ಫಾಂಟ್ ಹಾಕಿದರೆ ಸಾಕು.

2. ತಲೆಯ ಮೇಲೆ ಗೀರಿರುವ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2 ಅಥವಾ ಪುಟ್ಟ 3 ಮತ್ತೆ ಮತ್ತೆ ಬಂದರೆ: ಕನ್ನಡದ ಮೂರು ಬೈಟುಗಳನ್ನು ಯಾರೋ ಮೂರು ಯೂರೋಪಿನ ಅಕ್ಷರಗಳೆಂದು ಓದುತ್ತಿದ್ದಾರೆ. ಹೆದರಬೇಡಿ, ಬೈಟುಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಓದುವ ಕ್ರಮವನ್ನು ಸರಿಪಡಿಸಿದರೆ ಕನ್ನಡ ಮರಳಿ ಬರುತ್ತದೆ.

3. ಪ್ರಶ್ನಾರ್ಥಕಗಳು ಕಂಡರೆ: ಎರಡು ಸಾಧ್ಯತೆಗಳಿವೆ. ಕೋಷ್ಟಕದಲ್ಲಿ ಕನ್ನಡ ಕ್ಷೇಮವಾಗಿದ್ದು ಓದಿ ತರುವ ಸಂಪರ್ಕ ಮಾತ್ರ ತಪ್ಪಿರಬಹುದು. ಇಲ್ಲವೇ ಬರೆಯುವಾಗಲೇ ಕನ್ನಡ ನಾಶವಾಗಿರಬಹುದು. ತಿಳಿಯಲು ಡೇಟಾಬೇಸಿನಲ್ಲೇ 'ಹೆಕ್ಸ್' ಎಂಬ ಆಜ್ಞೆಯಿದೆ. ಅದು ಒಳಗಿರುವ ಬೈಟುಗಳನ್ನು ಇದ್ದ ಹಾಗೆ ತೋರಿಸುತ್ತದೆ. ಯುಟಿಎಫ್-8 ಕೋಷ್ಟಕದಲ್ಲಿ 'ಇ0ಬಿ2', 'ಇ0ಬಿ3' ಎಂದು ಕಂಡರೆ ಕನ್ನಡ ಜೀವಂತವಾಗಿದೆ. ಬರಿಯ '3ಎಫ್, 3ಎಫ್' ಎಂದಿದ್ದರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ.

ಗಣಕ ವಿಭಾಗದ ಸಹೋದ್ಯೋಗಿ ನಮ್ಮ ಕೋಷ್ಟಕವನ್ನು ಹೀಗೆ ಪರೀಕ್ಷಿಸಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ '3ಎಫ್' ಮಾತ್ರ. 140 ಪದಗಳೂ ಹೋಗಿದ್ದವು.

ಪರಿಹಾರವೇನೋ ಸುಲಭದ್ದು. ಪುಟ, ಸಂಪರ್ಕ, ಕೋಷ್ಟಕ ಈ ಮೂರೂ ಒಂದೇ ಮಾತಾಡಬೇಕು. ಪುಟದ ತಲೆಭಾಗದಲ್ಲಿ ಯುಟಿಎಫ್-8 ಎಂದು ಘೋಷಿಸಿ. ಡೇಟಾಬೇಸಿಗೆ ಸಂಪರ್ಕ ಸಿಕ್ಕ ಕೂಡಲೇ ಯುಟಿಎಫ್-8 ಎಂಬಿ4 ಎಂದು ತಿಳಿಸಿ. ಕೋಷ್ಟಕ ಮಾಡುವಾಗಲೂ ಅದನ್ನೇ ಹೇಳಿ. ಮೂವರಲ್ಲಿ ಒಬ್ಬರು ಬೇರೆ ಮಾತಾಡಿದರೂ ಕೆಲಸ ಕೆಡುತ್ತದೆ.

ಆದರೆ ಪರಿಹಾರ ಗೊತ್ತಾದ ಮಾತ್ರಕ್ಕೆ ಹೋದ ಪದ ಬರಲಿಲ್ಲ. ಮಕ್ಕಳು ಮತ್ತೆ ಊರಿಗೆ ಫೋನು ಮಾಡಿದರು. ಹೆಚ್ಚಿನವು ಸಿಕ್ಕವು. ಒಬ್ಬ ಹುಡುಗಿಯ ಅಜ್ಜಿ ಮಾತ್ರ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಹೇಳಿದ್ದ 9 ಪದಗಳಲ್ಲಿ 6 ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದ್ದವು. ಉಳಿದ ಮೂರು ಅವಳ ನೆನಪಿಗೂ ಬರಲಿಲ್ಲ, ಅವಳ ತಾಯಿಗೂ ಗೊತ್ತಿರಲಿಲ್ಲ. ಮೊದಲ ದಿನವೇ ಒಂದು ಪದ ಹಾಕಿ, ಅದನ್ನು ಹೊರತೆಗೆದು ನೋಡಿದ್ದರೆ ಇದಾಗುತ್ತಿರಲಿಲ್ಲ. ಅದನ್ನು ಮಾಡಿಸದಿದ್ದ ತಪ್ಪು ದೊಡ್ಡವರಾದ ನಮ್ಮದೇ.

ನಾಲ್ಕು ಅಕ್ಷರ, ಹತ್ತು ಚಿಹ್ನೆ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಕನ್ನಡ ವ್ಯಾಕರಣದಲ್ಲಿ 'ಳ್ಳಾ' ಒಂದು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು ಳ, ಹಲಂತ, ಳ, ಆಕಾರದ ಚಿಹ್ನೆ ಎಂದು ನಾಲ್ಕು ತುಂಡು. 'ಕನ್ನಡ' ಎಂಬ ಪದವನ್ನೇ ನೋಡಿ. ನಮಗೆ 3 ಅಕ್ಷರ, ಯೂನಿಕೋಡಿಗೆ 5 ಚಿಹ್ನೆ, ಯುಟಿಎಫ್-8ರಲ್ಲಿ 15 ಬೈಟ್. ಪಿಎಚ್‌ಪಿಯ 'ಎಸ್‌ಟಿಆರ್‌ಲೆನ್' ಆಜ್ಞೆ 15 ಎನ್ನುತ್ತದೆ, 'ಎಂಬಿ ಎಸ್‌ಟಿಆರ್‌ಲೆನ್' 5 ಎನ್ನುತ್ತದೆ. ಎರಡೂ ಸುಳ್ಳಲ್ಲ, ಎಣಿಸುವ ವಸ್ತು ಬೇರೆ. ಕಾಗುಣಿತವನ್ನು ಬಿಡಿಸಿ ಬರೆಯಲು ಕಲಿತ ಮಗುವಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಎರಡನೆಯ ಸಲ ಕೋಷ್ಟಕ ಮಾಡುವಾಗ ಒಬ್ಬರು 'ನಾಲ್ಕಕ್ಷರದ ಪದಕ್ಕೆ ಎಂಟು ಧಾರಾಳ' ಎಂದು ಪದದ ಕಾಲಮ್ಮಿಗೆ 8 ಎಂದು ಅಳತೆ ಕೊಟ್ಟರು. 7 ಚಿಹ್ನೆಗಳ ಈರುಳ್ಳಿ ಹಿಡಿಸಿತು, 8 ಚಿಹ್ನೆಗಳ ನೀರುಳ್ಳಿಯೂ ಹಿಡಿಸಿತು. ಉಳ್ಳಾಗಡ್ಡಿ ಮಾತ್ರ 'ಉಳ್ಳಾಗಡ್' ಎಂದು ನಿಂತಿತು! ಹಳೆಯ ಆವೃತ್ತಿ ಹೀಗೆ ಸದ್ದಿಲ್ಲದೆ ಕತ್ತರಿಸಿಬಿಡುತ್ತಿತ್ತು. 2015ರ 5.7 ಆವೃತ್ತಿಯಿಂದ ಸಾಮಾನ್ಯವಾಗಿ 'ಹಿಡಿಸುವುದಿಲ್ಲ' ಎಂದು ತಕರಾರು ಮಾಡುತ್ತದೆ. ಗಣಕ ತಕರಾರು ಮಾಡಿದರೆ ಸಿಟ್ಟಾಗಬೇಡಿ, ಸುಮ್ಮನಿರುವ ಗಣಕವೇ ಹೆಚ್ಚು ಅಪಾಯ.

ಇನ್ನು ಕೆಲವು ಸಾಮಾನ್ಯ ತಪ್ಪುಗಳು

• ದೋಷ ತೋರಿಸಿದ ಸಾಲಿನಲ್ಲಿ ದೋಷವೇ ಇಲ್ಲ: ಪಿಎಚ್‌ಪಿಯಲ್ಲಿ 11ನೆಯ ಸಾಲಿನ ಕೊನೆಯಲ್ಲಿ ಅರ್ಧವಿರಾಮ ಬಿಟ್ಟರೆ ಗಣಕ 12ನೆಯ ಸಾಲನ್ನು ತೋರಿಸುತ್ತದೆ. ವಾಕ್ಯ ಮುಗಿಯಲಿಲ್ಲವೆಂದು ಅದಕ್ಕೆ ಗೊತ್ತಾಗುವುದು ಮುಂದಿನ ಸಾಲು ಬಂದಾಗಲೇ. ಆದ್ದರಿಂದ ತೋರಿಸಿದ ಸಾಲಿನ ಜೊತೆಗೆ ಅದರ ಮೇಲಿನ ಸಾಲನ್ನೂ ನೋಡಿ.

• ಉದ್ಧರಣ ಚಿಹ್ನೆ ಬಾಗಿದೆ: ವರ್ಡ್‌ನಲ್ಲಿ ಬೆರಳಚ್ಚು ಮಾಡಿ ನಕಲಿಸಿದರೆ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ. ನೋಡಲು ಚೆಂದ, ಪ್ರೋಗ್ರಾಮಿಗೆ ಆಗದು. ನೋಟ್‌ಪ್ಯಾಡಿನಂಥ ಸರಳ ಬರಹದ ತಂತ್ರಾಂಶವನ್ನೇ ಬಳಸಿ.

• ಡಿ'ಸೋಜ ಬಂದರೆ ಪುಟ ಬೀಳುತ್ತದೆ: ಮಂಗಳೂರಿನ ಕಡೆಯ ಈ ಹೆಸರು ಕುವೈತಿನ ಶಾಲೆಗಳಲ್ಲಿ ಹೊಸದಲ್ಲ. ಎಸ್‌ಕ್ಯೂಎಲ್ ವಾಕ್ಯದಲ್ಲಿ ಒಂಟಿ ಉದ್ಧರಣ ಚಿಹ್ನೆಗೆ 'ಪದ ಇಲ್ಲಿಗೆ ಮುಗಿಯಿತು' ಎಂದು ಅರ್ಥ. ಹೀಗಾಗಿ 'ಡಿ' ಹೆಸರಾಗಿ 'ಸೋಜ' ಆಜ್ಞೆಯಾಗಿಬಿಡುತ್ತದೆ. ಕೆಟ್ಟ ಬುದ್ಧಿಯವರು ಇದೇ ಕಿಂಡಿಯಿಂದ ನುಗ್ಗಿ ಡೇಟಾಬೇಸನ್ನು ಹಾಳು ಮಾಡಬಲ್ಲರು. ಹೆಸರನ್ನು ತಿದ್ದಬೇಡಿ, ಪ್ರೋಗ್ರಾಮನ್ನು ತಿದ್ದಿ. ವಾಕ್ಯವನ್ನು ಮೊದಲೇ ಸಿದ್ಧಪಡಿಸಿ, ಹೆಸರಿನ ಸ್ಥಾನ ಖಾಲಿ ಬಿಟ್ಟು, ಹೆಸರನ್ನು ಪ್ರತ್ಯೇಕವಾಗಿ ಕಳುಹಿಸುವ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಕ್ರಮವನ್ನು ಕಲಿಯಿರಿ.

• 'ವೇರ್' ಮರೆತ 'ಅಪ್‌ಡೇಟ್': ಒಬ್ಬರ ಊರನ್ನು ತಿದ್ದಲು ಹೋಗಿ 'ವೇರ್' ಎಂಬ ಷರತ್ತು ಬಿಟ್ಟರೆ ಕೋಷ್ಟಕದಲ್ಲಿರುವ ಎಲ್ಲರ ಊರೂ ಧಾರವಾಡವಾಗುತ್ತದೆ. ಮೊದಲು ಅದೇ ಷರತ್ತಿನಿಂದ 'ಸೆಲೆಕ್ಟ್' ಮಾಡಿ, ಯಾವ ಸಾಲುಗಳು ಬರುತ್ತವೆಂದು ನೋಡಿದ ಮೇಲೆ ತಿದ್ದಿ.

• ಮನೆಯಲ್ಲಿ ಕಂಡ ಚಿತ್ರ ಶಾಲೆಯಲ್ಲಿ ಕಾಣದು: ವಿಂಡೋಸ್ ಗಣಕ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಮಾಡುವುದಿಲ್ಲ, ಲಿನಕ್ಸ್ ಸರ್ವರ್ ಮಾಡುತ್ತದೆ. ಎಲ್ಲ ಹೆಸರುಗಳನ್ನೂ ಚಿಕ್ಕಕ್ಷರದಲ್ಲೇ ಇಡಿ.

• ದಿನಾಂಕ ಒಂದು ದಿನ ಮುಂದೆ: ಕುವೈತಿಗಿಂತ ಭಾರತ ಎರಡೂವರೆ ಗಂಟೆ ಮುಂದಿದೆ. ಇಲ್ಲಿ ರಾತ್ರಿ 10ಕ್ಕೆ ಬರೆದದ್ದು ಊರಿನ ಸಮಯಕ್ಕೆ ಹೊಂದಿಸಿದ ಸರ್ವರಿನಲ್ಲಿ ಮರುದಿನ 12.30 ಆಗುತ್ತದೆ. ಯಾವ ಊರಿನ ಸಮಯವೆಂದು ಮೊದಲೇ ನಿರ್ಧರಿಸಿ.

ಕುವೈತಿನಿಂದ ಕಲಿಯಬಹುದಾದ ಪಾಠ

ಇಂಗ್ಲಿಷಿಗಾಗಿ ಮಾಡಿದ ಗಣಕದಲ್ಲಿ ತಮ್ಮ ಭಾಷೆಗೆ ಜಾಗ ಮಾಡಿಕೊಳ್ಳುವ ಕಷ್ಟ ಅರಬ್ಬಿ ಭಾಷೆಯವರಿಗೂ ಇತ್ತು. ಬಲದಿಂದ ಎಡಕ್ಕೆ ಬರೆಯುವ, ಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ ಲಿಪಿ ಅದು. ನಾವಿರುವ ಈ ಕುವೈತಿನಲ್ಲೇ ಮೊಹಮ್ಮದ್ ಅಲ್ ಶಾರೆಖ್ ಅವರು 1982ರಲ್ಲಿ ಸಖ್ರ್ ಸಂಸ್ಥೆಯನ್ನು ಆರಂಭಿಸಿದರು. ಅವರು ತಂದ ಗಣಕಗಳಲ್ಲಿ ಅರಬ್ ಮನೆಗಳ ಎಷ್ಟೋ ಮಕ್ಕಳು ತಮ್ಮ ಭಾಷೆಯಲ್ಲೇ ಗಣಕ ಕಲಿತರು. 2024ರಲ್ಲಿ ಅವರು ತೀರಿಕೊಂಡರು. ಭಾಷೆಗೆ ಗಣಕದಲ್ಲಿ ಜಾಗ ತಾನಾಗಿ ಸಿಗುವುದಿಲ್ಲ, ಯಾರಾದರೂ ಕುಳಿತು ಮಾಡಬೇಕು.

ಇನ್ನೊಂದು ಹಳೆಯ ಸಂಗತಿ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್-2 ಗಣಕ ಕೆಟ್ಟಾಗ ಒಳಗೆ ಒಂದು ಪತಂಗ ಸಿಕ್ಕಿತು. ದೋಷಕ್ಕೆ 'ಬಗ್' ಎನ್ನುವ ರೂಢಿ ಅದಕ್ಕೂ ಮೊದಲೇ ಇತ್ತು. ಅಲ್ಲಿನವರು ಆ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಬರೆದಿಟ್ಟರು. ಆ ಹಾಳೆ ಇಂದಿಗೂ ವಸ್ತುಸಂಗ್ರಹಾಲಯದಲ್ಲಿದೆ. ನೀವೂ ಒಂದು ನೋಟ್‌ಬುಕ್ ಇಡಿ. ಏನು ತಪ್ಪಾಯಿತು, ಏನು ಮಾಡಿದಾಗ ಸರಿಯಾಯಿತು ಎಂದು ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಪಾಲಕರಿಗೆ ಒಂದು ಮಾತು

ಮಗು ಗಣಕದ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತರೆ 'ನಿನಗೆ ಬರುವುದಿಲ್ಲ ಬಿಡು' ಎನ್ನಬೇಡಿ. 'ಗಣಕ ಏನು ಹೇಳುತ್ತಿದೆ, ನನಗೆ ಗಟ್ಟಿಯಾಗಿ ಓದಿ ಹೇಳು' ಎನ್ನಿ. ನಿಮಗೆ ಗಣಕ ಬಾರದಿದ್ದರೂ ಅಡ್ಡಿಯಿಲ್ಲ. ಓದಿ ಹೇಳುವಾಗ ಅರ್ಧ ತಪ್ಪು ಮಗುವಿಗೇ ಕಾಣುತ್ತದೆ.

ನಮ್ಮ ಪದಕೋಶ ಈಗ ಸರಿಯಾಗಿ ನಡೆಯುತ್ತಿದೆ. ಅದರ ಒಂದು ಪ್ರತಿ ಬೇರೆ ಗಣಕದಲ್ಲಿದೆ, ಇನ್ನೊಂದು ಪ್ರತಿ ಕಾಗದದ ಮೇಲೆ ಕಪಾಟಿನಲ್ಲಿದೆ. ಆ ಅಜ್ಜಿಯ ಹೆಸರಿನ ಮುಂದೆ 6 ಪದಗಳಿವೆ, ಕೆಳಗೆ ಮೂರು ಸಾಲುಗಳನ್ನು ಖಾಲಿ ಬಿಟ್ಟಿದ್ದೇವೆ.

ಅಭ್ಯಾಸ

1. ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಎಷ್ಟು ಅಕ್ಷರ, ಎಷ್ಟು ಯೂನಿಕೋಡ್ ಚಿಹ್ನೆ, ಎಷ್ಟು ಬೈಟ್ ಎಂದು ಲೆಕ್ಕ ಹಾಕಿ.

2. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಎಷ್ಟು ಚಿಹ್ನೆಗಳಿವೆ? ಬಿಡಿಸಿ ಬರೆಯಿರಿ. (ಉತ್ತರ: 6)

3. ಈ ಶುಕ್ರವಾರ ಊರಿನ ಹಿರಿಯರೊಬ್ಬರಿಂದ ಐದು ಪದ ಕೇಳಿ. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಗಣಕಕ್ಕೆ ಹಾಕಿ.